ಬಿಟ್ಟುಹೋದ ಗುಡಿಸು

ನನ್ನ ಅಕ್ಷರ ದುಂಡಗಿದೆ ಎಂದು ನೀವು ಮೊಮ್ಮಕ್ಕಳು ಹೇಳುತ್ತಿರುತ್ತೀರಿ. ಆ ದುಂಡು ಅಕ್ಷರದಲ್ಲೇ ನಾನು ಒಬ್ಬ ಹುಡುಗಿಗೆ, ಅವಳು ಬೇಡವೆಂದ ಗಂಡಿನ ಜೊತೆ, ಕಾಗದದ ಮೇಲೆ ಮದುವೆ ಮಾಡಿಬಿಟ್ಟಿದ್ದೆ. ಅದನ್ನು ಬಿಡಿಸಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ವರ್ಷ ಅಜ್ಜಿ ಯಾಕೆ ಪದೇ ಪದೇ ಬೇಲೂರಿಗೆ ಹೋಗುತ್ತಾಳೆ, ಬಂದವಳು ಯಾಕೆ ಯಾರ ಜೊತೆಯೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ ಎಂದು ನೀವು ಕೇಳಿದ್ದಿರಿ. ಆಗ ಹೇಳಲು ಬಾಯಿ ಬರಲಿಲ್ಲ. ಬರೆದರೆ ಬರುತ್ತದೇನೋ ನೋಡುತ್ತೇನೆ.

ಆಗ ನಾನು ಅರಸೀಕೆರೆಯಲ್ಲಿ ಉಚಿತ ಕಾನೂನು ನೆರವಿನ ಸ್ವಯಂಸೇವಕಿ. ವಕೀಲಳಲ್ಲ. ಬಂದವರ ಮಾತು ಕೇಳುವುದು, ಅರ್ಜಿ ಬರೆದುಕೊಡುವುದು, ಠಾಣೆಗೋ ವಕೀಲರ ಬಳಿಗೋ ಜೊತೆಗೆ ಹೋಗುವುದು ನನ್ನ ಕೆಲಸ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು, ನಾಲ್ಕು ಜನರೆದುರು ನಿಂತರೆ ಬೆವರುವವಳು. ಅಕ್ಷರ ನೋಡಿಯೇ ತೆಗೆದುಕೊಂಡಿದ್ದರು.

ಹುಡುಗಿ ಅಪ್ಪನ ಜೊತೆ ಬಂದಳು. ಕಣಕಟ್ಟೆ ಕಡೆಯವರು, ರಾಗಿ ಹೊಲ, ಒಂದಿಷ್ಟು ತೆಂಗು. ಹುಡುಗಿ ಅರಸೀಕೆರೆಯಲ್ಲಿ ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಪ್ಪ ಕೂರಲಿಲ್ಲ, ಬಾಗಿಲಲ್ಲೇ ನಿಂತ.

"ಮದ್ವೆ ಮುರ್ಕಂಡ್ವಿ ಕಣಕ್ಕ. ಗಂಡಿನ್ ಕಡೇರು ಬಿಡ್ತಾ ಇಲ್ಲ" ಎಂದ.

ಒಂದೊಂದಾಗಿ ಕೇಳಿದೆ. ಹುಡುಗ ಮಾದಿಹಳ್ಳಿ ಹತ್ತಿರದ ಊರಿನವನು, ಹಾಲಿನ ವ್ಯಾನು ಓಡಿಸುತ್ತಾನೆ. ಹುಡುಗಿಯ ಮನೆಯಲ್ಲೇ ನಿಶ್ಚಿತಾರ್ಥದ ವೀಳ್ಯಶಾಸ್ತ್ರ ಆಗಿತ್ತು. ಜೋಯಿಸರು ಲಗ್ನಪತ್ರಿಕೆ ಬರೆದು ಮೂಲೆಗೆ ಅರಿಶಿನ ಹಚ್ಚಿದ್ದರು. ಫೋಟೋದವನು "ಹಾರ ಹಾಕ್ಕಳಿ, ಚೆನ್ನಾಗ್ ಬರ್ತದೆ" ಎಂದದ್ದಕ್ಕೆ ಇಬ್ಬರೂ ಹಾರ ಬದಲಾಯಿಸಿದ್ದರು. ಅಷ್ಟೇ ಆಗಿದ್ದು. ಮದುವೆ ಎರಡು ತಿಂಗಳ ಮುಂದಿತ್ತು.

ಅದರ ನಂತರ ಅವನಿಂದ ಗಂಟೆಗೊಂದು ಫೋನು. "ಯಾರ್ ರಕ್ತ ತೆಗೀತಿದೀಯ? ಗಂಡಸರದ್ದಾ, ಹೆಂಗಸರದ್ದಾ?" ಗಂಡಸರದ್ದೆಂದರೆ ಬೈಗುಳ. ಫೋನು ಎತ್ತದೆ ಇದ್ದ ಒಂದು ದಿನ ವ್ಯಾನು ತಂದು ಲ್ಯಾಬಿನ ಮುಂದೆ ನಿಲ್ಲಿಸಿ ಒಳಗೆ ನುಗ್ಗಿ, ಕಾಯುತ್ತಿದ್ದವರ ಎದುರೇ ಅವಳ ಕೈ ಹಿಡಿದು ತಿರುಚಿದ್ದ. ಅಂದು ಸಂಜೆ ಹುಡುಗಿ ಮನೆಯಲ್ಲಿ ಬೇಡ ಎಂದಳು. ಅಪ್ಪ ಅವಳ ಜೊತೆ ನಿಂತ. ಉಂಗುರ, ಸೀರೆ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಇಬ್ಬರು ಹಿರಿಯರ ಕೈಲಿ ವಾಪಸ್ಸು ಕಳಿಸಿದ. ಆಮೇಲೆ ಹುಡುಗ ಹಾರದ ಫೋಟೋವನ್ನು ಅವಳ ನೆಂಟರಿಗೆ, ಲ್ಯಾಬಿನ ಮಾಲೀಕರಿಗೆ, ಅವಳ ಜೊತೆ ಓದಿದವರಿಗೆಲ್ಲ ಕಳಿಸತೊಡಗಿದ: ನನ್ನ ಹೆಂಡತಿ ಮನೆ ಬಿಟ್ಟು ಓಡಿ ಹೋಗಿದ್ದಾಳೆ, ಕಂಡವರು ತಿಳಿಸಿ. ಬಸ್ ನಿಲ್ದಾಣದಲ್ಲಿ ಕಾದು ನಿಂತು ಹಿಂದೆ ಬರುತ್ತಿದ್ದ.

"ಮೆಸೇಜೆಲ್ಲ ಐತೇನಮ್ಮ?"

"ಅರ್ಧ ಅಳಿಸ್ಬಿಟ್ಟೆ ಅಕ್ಕ. ನೋಡಕ್ಕಾಗ್ಲಿಲ್ಲ."

ಎಲ್ಲರೂ ಮಾಡುವ ತಪ್ಪು ಅದು. ಇನ್ನು ಒಂದನ್ನೂ ಅಳಿಸಬೇಡ, ಬೈದ ದನಿಯೂ ಇರಲಿ, ಫೋನನ್ನೂ ಬದಲಾಯಿಸಬೇಡ, ಫೋಟೋ ತೆಗೆದ ಪ್ರತಿ ಮಾತ್ರ ಸಾಲದು, ಕೋರ್ಟು ಮೂಲ ಫೋನನ್ನೇ ಕೇಳಬಹುದು, ಪ್ರತಿಯ ಜೊತೆ ಒಂದು ಪ್ರಮಾಣಪತ್ರವನ್ನೂ ಕೇಳುತ್ತದೆ ಎಂದು ಹೇಳಿದೆ. ವೀಳ್ಯ ಬದಲಾಯಿಸಿದ ಮಾತ್ರಕ್ಕೆ ಮದುವೆ ಆಗುವುದಿಲ್ಲ, ಒಪ್ಪಿದವಳು ಬೇಡ ಎನ್ನಬಹುದು, ಬಲವಂತವಾಗಿ ಮದುವೆ ಮಾಡಿಸಲು ಯಾವ ಕೋರ್ಟಿಗೂ ಆಗುವುದಿಲ್ಲ ಎಂದೆ. ಹಿಂದೆ ಹಿಂದೆ ಬರುವುದು, ಬೆದರಿಸುವುದು, ಫೋಟೋ ಹಂಚಿ ಮಾನ ಕಳೆಯುವುದು ಅಪರಾಧ ಎಂದೂ ಹೇಳಿದೆ. ಅಪ್ಪ ಕೇಸು ಬೇಡ ಎಂದ. ಪೊಲೀಸರು ಅವನಿಗೆ ಸುಮ್ಮನಿರುವಂತೆ ಹೇಳಿದರೆ ಸಾಕಂತೆ.

ಅರ್ಜಿ ಬರೆದೆ. ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ, ಆಮೇಲೆ ಕಾರ್ಬನ್ ಇಟ್ಟು ಚೊಕ್ಕ ಪ್ರತಿ. ಅದು ಆ ದಿನದ ನಾಲ್ಕನೇ ಅರ್ಜಿ. ಕಣಕಟ್ಟೆ ಬಸ್ಸಿನ ಹೊತ್ತಾಗಿತ್ತು. ತಿರುಗಿ ಓದಲಿಲ್ಲ. ಹುಡುಗಿ ನೋವಿದ್ದ ಕೈಯಲ್ಲೇ ಸಹಿ ಹಾಕಿದಳು, ಅವಳೂ ಓದಲಿಲ್ಲ.

ಠಾಣೆಯಲ್ಲಿ ಒಬ್ಬರು "ಕೂತ್ಕಂಡ್ ಬಗೆಹರಿಸ್ಕಳಿ" ಎಂದರು. ಇನ್ನೊಬ್ಬರು ಅರ್ಜಿ ತೆಗೆದುಕೊಂಡು ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಕೊಟ್ಟರು. ಮೊಹರಿಲ್ಲದೆ ಬರಬೇಡಿ ಎಂಬುದು ನಾನು ಎಲ್ಲರಿಗೂ ಹೇಳುವ ಮಾತು. ಹುಡುಗನನ್ನು ಕರೆಸಿದರು. ಇನ್ನು ಮುಂದೆ ತಂಟೆಗೆ ಬರುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟ. ಹೋಗುವಾಗ ನಮ್ಮ ಅರ್ಜಿಯ ಒಂದು ಪ್ರತಿ ಕೇಳಿ ಪಡೆದ. ಆಗ ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ.

ಒಂದೂವರೆ ತಿಂಗಳು ಸುಮ್ಮನಿದ್ದ. ಆಮೇಲೆ ಬೇಲೂರಿನ ಕೋರ್ಟಿನಿಂದ ಸಮನ್ಸು ಬಂತು. ಮದುವೆಯಾದ ಹೆಂಡತಿ ಒಂದು ದಿನ ತನ್ನ ಮನೆಯಲ್ಲಿದ್ದು ಬಿಟ್ಟುಹೋಗಿದ್ದಾಳೆ, ಸಂಸಾರಕ್ಕೆ ವಾಪಸ್ಸು ಬರುವಂತೆ ಆಜ್ಞೆ ಮಾಡಬೇಕು ಎಂದು ಅವನ ಬೇಡಿಕೆ.

ನಾನು ಅವರ ಮನೆಗೆ ಹೋದಾಗ ಅಮ್ಮ ಆ ಲಕೋಟೆಯನ್ನು ಅಕ್ಕಿ ಡಬ್ಬದ ಹಿಂದೆ ಅವಿಸಿಟ್ಟಿದ್ದಳು. "ನಾವ್ ತಗಂಡೇ ಇಲ್ಲ ಅಂದ್ರಾಯ್ತು. ನಾವ್ಯಾಕ್ ಹೋಗ್ಬೇಕು, ತಪ್ ಮಾಡಿದೀವಾ?"

"ಹೋಗ್ದೆ ಇದ್ರೆ ಅವ್ನು ಹೇಳಿದ್ದೇ ಸತ್ಯ ಆಯ್ತದೆ ಕಣವ್ವ" ಎಂದೆ. "ಒಬ್ಬರ ಮಾತೇ ಕೇಳಿ ಕೋರ್ಟು ಬರೆದ್ಬಿಡ್ತದೆ."

ಹೆಣ್ಣಾದವಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಕಡೆಯಿಂದ ವಕೀಲರು ಸಿಗುತ್ತಾರೆ. ಅದಕ್ಕೆ ಅರ್ಜಿ ಬರೆದೆ. ಈ ಸಲ ಎರಡು ಸಲ ಓದಿದೆ. ಏಕೆ ಓದಿದೆನೋ, ಮನಸ್ಸಿಗೆ ಏನೋ ತಟ್ಟಿರಬೇಕು.

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ಬಸ್ಸು. ಹಳೇಬೀಡಿನಲ್ಲಿ ಪ್ರವಾಸಿಗಳು ಇಳಿಯುತ್ತಿದ್ದರು, ನಾವು ಕೂತಿರುತ್ತಿದ್ದೆವು. ಕಂಡಕ್ಟರು ನಮ್ಮ ಆಧಾರ್ ಕಾರ್ಡು ನೋಡುವುದನ್ನೇ ಬಿಟ್ಟಿದ್ದ. "ಕೋರ್ಟಿನವರು" ಎಂದು ನಮಗೆ ಹೆಸರಿಟ್ಟಿದ್ದ.

ಬೇಲೂರಿನಲ್ಲಿ ಕೊಟ್ಟ ವಕೀಲೆ ಚಿಕ್ಕ ವಯಸ್ಸಿನವರು, ಕಡಿಮೆ ಮಾತು. ವಕಾಲತ್ತು ತುಂಬಿಸುವಾಗ "ತಂದೆ/ಗಂಡನ ಹೆಸರು" ಎಂಬ ಜಾಗದಲ್ಲಿ ಹುಡುಗಿಯ ಪೆನ್ನು ನಿಂತಿತು.

"ಗಂಡನ ಅನ್ನೋದನ್ನ ಹೊಡೀಲಾ ಮೇಡಂ?"

"ತಂದೆ ಹೆಸರು ಬರಿ, ಸಾಕು. ಅದನ್ನ ಹೊಡೆಯೋದು ಇನ್ನು ಕೋರ್ಟಿನ ಕೆಲಸ."

ಆಮೇಲೆ ಹುಡುಗ ಹಾಜರುಪಡಿಸಿದ ದಾಖಲೆಗಳನ್ನು ಮೇಜಿನ ಮೇಲೆ ಹರಡಿದರು. ಹಾರದ ಫೋಟೋ. ಅದರ ಕೆಳಗೆ ನನ್ನ ಅಕ್ಷರ. ನಮ್ಮ ಅರ್ಜಿಯ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: "ಶಾಸ್ತ್ರ ನಮ್ಮ ಮನೆಯಲ್ಲಿ ಆಗಿತ್ತು. ಮದುವೆ ಮುರಿದುಕೊಂಡ ಮೇಲೂ ಗಂಡನ ಕಡೆಯವರು ನನಗೆ ತೊಂದರೆ ಕೊಡುತ್ತಿದ್ದಾರೆ."

ಓದಿ ನೋಡಿ ಮಕ್ಕಳೇ. ನಾನು ಬರೆಯಬೇಕಿದ್ದದ್ದು ಗಂಡಿನ ಕಡೆಯವರು. ನಿಶ್ಚಯವಾದವನು ಗಂಡು, ತಾಳಿ ಕಟ್ಟಿದವನು ಗಂಡ. ನಡುವೆ ಇರುವುದು ಡಕಾರದ ತಲೆಯ ಮೇಲಿನ ಒಂದು ಗುಡಿಸು. ಅದು ಅಲ್ಲಿರಲಿಲ್ಲ. ಅದಿಲ್ಲದ ಮೇಲೆ ನಮ್ಮೂರಲ್ಲಿ ಎಲ್ಲರಿಗೂ ಅರ್ಥವಾಗುವ "ಶಾಸ್ತ್ರ", "ಮದುವೆ ಮುರಿದುಕೊಂಡೆವು" ಎಂಬ ಮಾತುಗಳೂ ಬೇರೆಯೇ ಅರ್ಥ ಹೇಳತೊಡಗಿದವು.

"ಹುಡುಗಿಯೇ ಒಪ್ಪಿಕೊಂಡಿದ್ದಾಳೆ ಅನ್ನೋದು ಅವರ ವಾದ. ಗಂಡ ಅಂತ ಬರೆದಿದ್ದಾಳೆ, ಮದುವೆ ಆಗದೆ ಮುರಿಯೋದು ಹೇಗೆ ಅಂತ" ಎಂದರು ವಕೀಲೆ. "ಯಾರು ಬರೆದದ್ದು ಇದು?"

ಹುಡುಗಿಯ ಅಪ್ಪ ನನ್ನ ಕಡೆ ಒಮ್ಮೆ ನೋಡಿ, "ಅಲ್ಲೇ ಯಾರೋ ಬರ್ಕೊಟ್ರು ಮೇಡಂ" ಎಂದುಬಿಟ್ಟ. ನನ್ನನ್ನು ಉಳಿಸಲು ಹೇಳಿದ ಸುಳ್ಳು. ನಾನು ಅದರ ನೆರಳಲ್ಲಿ ಕೂತೆ.

"ಲಗ್ನಪತ್ರಿಕೆ ಕೊಡಿ. ಮದುವೆ ದಿನ ಮುಂದೆ ಇತ್ತು ಅಂತ ಅದರಲ್ಲೇ ಇರುತ್ತಲ್ಲ."

ಅದೂ ಇರಲಿಲ್ಲ. ಮುರಿದ ಮದುವೆಯ ಅರಿಶಿನದ ಕಾಗದ ಮನೆಯಲ್ಲಿ ಇರಬಾರದೆಂದು ಅಮ್ಮ ಅದನ್ನೂ ಸೀರೆ, ಉಂಗುರದ ಜೊತೆ ಅದೇ ತಟ್ಟೆಯಲ್ಲಿಟ್ಟು ವಾಪಸ್ಸು ಕಳಿಸಿದ್ದಳು. ಬರೆದ ಜೋಯಿಸರು ಹಾಸಿಗೆ ಹಿಡಿದಿದ್ದರು, ಮಾತೂ ನಿಂತಿತ್ತು.

ವಾಪಸ್ಸು ಬರುವಾಗ ಹುಡುಗಿ ನನ್ನ ಪಕ್ಕದಲ್ಲಿ ಕೂತಿದ್ದಳು. ಹಳೇಬೀಡು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ಅದು ನಿಮ್ಮ ಅಕ್ಷರ ಅಲ್ವಾ?"

"ಹೂಂ."

"ಬಿಡಿ. ನಾನೂ ಓದ್ದೆ ಸೈನ್ ಹಾಕ್ದೆ." ಟಿಕೆಟ್ಟನ್ನು ಮಡಚುತ್ತಾ, "ಲ್ಯಾಬಲ್ಲಿ ಒಂದು ಚುಕ್ಕೆ ಆಕಡೆ ಈಕಡೆ ಆದ್ರೆ ಇರೋ ಕಾಯಿಲೆ ಇಲ್ಲ ಆಗೋಗುತ್ತೆ. ನಾನು ಮೂರು ಸಲ ನೋಡ್ತೀನಿ. ನನ್ನದನ್ನ ನೋಡ್ಲಿಲ್ಲ" ಎಂದಳು.

ಅವಳು ಬೈದಿದ್ದರೆ ಹಗುರವಾಗುತ್ತಿತ್ತು.

ಮನೆಗೆ ಬಂದು ಪೆನ್ಸಿಲಿನ ನೋಟ್‌ಬುಕ್ಕು ತೆಗೆದೆ. ಅದರಲ್ಲಿ "ಗಂಡಿನ ಕಡೆಯವರು" ಎಂದೇ ಇತ್ತು. ಚೊಕ್ಕ ಪ್ರತಿಯಲ್ಲಿ ಬಿದ್ದುಹೋಗಿತ್ತು. ಶಾಲೆಯಲ್ಲಿ ನನ್ನ ಮೇಷ್ಟ್ರು ಸ್ಲೇಟಿನ ಮೇಲೆ ಬೆರಳಿಟ್ಟು, "ಏ ಹುಡುಗಿ, ನಿನ್ನ ಡಕಾರಕ್ಕೆ ಯಾಕೆ ಜುಟ್ಟೇ ಇಲ್ಲ? ಬೋಳು ಡ ಬರೀತೀಯಲ್ಲೇ" ಎನ್ನುತ್ತಿದ್ದರು. ಎಲ್ಲ ಮಕ್ಕಳೂ ನಗುತ್ತಿದ್ದರು. ಅವಸರವಾದರೆ, ಹೆದರಿದರೆ, ನನ್ನ ಡಕಾರದ ಗುಡಿಸು ನಿಲ್ಲುತ್ತಿರಲಿಲ್ಲ. ಐವತ್ತು ವರ್ಷ ಕಳೆದರೂ ಅದೇ.

ಮುಂದಿನ ತಾರೀಕಿಗೆ ನಾನೊಬ್ಬಳೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ವಕೀಲೆಯ ಎದುರು ನೋಟ್‌ಬುಕ್ಕು ಇಟ್ಟು, ಬರೆದವಳು ನಾನು ಎಂದೆ. ಅವರು ಬೈಯಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಇದನ್ನ ನಾನು ಬಾಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ ಅಮ್ಮ. ನೀವು ಸಾಕ್ಷಿ ಕಟಕಟೆ ಹತ್ತಬೇಕು. ಅವರ ವಕೀಲರು ಹಿರಿಯರು, ನಿಮ್ಮನ್ನ ಆಡಿಕೊಳ್ತಾರೆ. ಆಗುತ್ತಾ?"

ಆಗುವುದಿಲ್ಲ ಎಂಬುದು ನಿಜವಾದ ಉತ್ತರ. ನಿಮ್ಮ ತಾತ ಹೋದಾಗ ಪಿಂಚಣಿ ಅರ್ಜಿಯ ವಿಷಯಕ್ಕೆ ಅಧಿಕಾರಿ ಕೇಳಿದ್ದಕ್ಕೂ ಉತ್ತರಿಸದೆ ಅತ್ತು ಬಂದವಳು ನಾನು. "ಹತ್ತುತ್ತೀನಿ" ಎಂದೆ.

ಹೇಳಿದಷ್ಟು ಸುಲಭವಾಗಿ ದಿನ ಬರಲಿಲ್ಲ. ಉತ್ತರ ಸಲ್ಲಿಸುವುದಕ್ಕೆ ಒಂದು ತಾರೀಕು. ಅವಳು ಅವನ ಹೆಂಡತಿಯಲ್ಲ ಎಂದು ಘೋಷಿಸಬೇಕು, ಹಾಗೆ ಹೇಳಿಕೊಂಡು ತಿರುಗದಂತೆ, ಫೋಟೋ ಹಂಚದಂತೆ ತಡೆಯಬೇಕು ಎಂದು ನಮ್ಮದೂ ಒಂದು ದಾವೆ, ಅದಕ್ಕೆ ಇನ್ನೊಂದು ತಾರೀಕು. ರಾಜಿ ಮಾತುಕತೆಗೆ ಕಳಿಸಿದರು. ಅಲ್ಲಿ ಹುಡುಗನ ಸೋದರಮಾವ, "ಸುಮ್ಕೆ ಬಂದು ಬಾಳ್ವೆ ಮಾಡಕ್ಕೇನ್ ಕಷ್ಟ? ನಮ್ ಹುಡ್ಗಂಗೇನ್ ಕಣ್ಣಿಲ್ವಾ, ಕೈಯಿಲ್ವಾ?" ಎಂದ. "ಕೈ ಇರೋದೇ ಕಷ್ಟ ಆಗಿರೋದು" ಎಂದಳು ಹುಡುಗಿ. ರಾಜಿ ಆಗಲಿಲ್ಲ. ಒಂದು ಸಲ ನ್ಯಾಯಾಧೀಶರಿಗೆ ರಜೆ. ಒಂದು ಸಲ ಅವರ ವಕೀಲರಿಗೆ ಹುಷಾರಿಲ್ಲ. ಲ್ಯಾಬಿನ ಮಾಲೀಕರು, "ಮೊದ್ಲು ನಿಮ್ಮನೆ ವಿಷಯ ಬಗೆಹರಿಸ್ಕಳಮ್ಮ" ಎಂದು ಅವಳನ್ನು ಎದುರಿನ ಕೆಲಸದಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದರು. ಕಾಗದದ ಮೇಲೆ ಅವಳು ಇನ್ನೂ ಅವನ ಹೆಂಡತಿಯೇ. ಆಜ್ಞೆ ಅವನ ಪರ ಬಂದರೆ ಮುಂದೆ ಬೇರೆಯವರನ್ನು ಮದುವೆಯಾಗುವುದಿರಲಿ, ಒಂದು ಅರ್ಜಿಯಲ್ಲಿ ತಾನು ಯಾರೆಂದು ಬರೆಯುವುದೂ ಅವಳ ಕೈಯಲ್ಲಿರುತ್ತಿರಲಿಲ್ಲ.

ಕೊನೆಗೆ ಸಾಕ್ಷಿ ನಡೆಯಿತು. ಅವರ ಕಡೆಯಿಂದ ಮೊದಲು ಅದೇ ಸೋದರಮಾವ. ಮದುವೆ ತಾನೇ ಕಣ್ಣಾರೆ ನೋಡಿದೆ ಎಂದ. ನಮ್ಮ ವಕೀಲೆ ಮೆಲ್ಲಗೆ ಕೇಳಿದರು: "ಧಾರೆ ಎರೆದವರು ಯಾರು?"

"ಧಾರೆನಾ? ಧಾರೆಗೆ ಛತ್ರ ಹಿಡ್ಯಾನ ಅಂತಿದ್ವಿ ಸ್ವಾಮಿ, ಅಷ್ಟರಲ್ಲಿ..." ಎಂದವನು ನಾಲಿಗೆ ಕಚ್ಚಿಕೊಂಡ. ಅವನ ವಕೀಲರು ಫೈಲಿನಿಂದ ಮುಖ ಎತ್ತಲಿಲ್ಲ. ಆದರೂ ಎದ್ದು ಹೇಳಿದರು: ಮಾವ ಹಳ್ಳಿಯವನು, ಗೊಂದಲವಾಗಿದೆ. ಹುಡುಗಿ ಓದಿದವಳು. ಅವಳೇ ಸಹಿ ಮಾಡಿದ ಅರ್ಜಿಯಲ್ಲಿ "ಗಂಡನ ಕಡೆಯವರು" ಎಂದಿದೆಯಲ್ಲ, ಅದಕ್ಕೇನು ಹೇಳುತ್ತೀರಿ?

ನನ್ನ ಸರದಿ ಮಧ್ಯಾಹ್ನ ಬಂತು. ಕಟಕಟೆಯ ಮರವನ್ನು ಹಿಡಿದು ನಿಂತೆ. ಬರೆದವಳು ನಾನು, ಗುಡಿಸು ಬಿಟ್ಟುಹೋಗಿದೆ, ತಪ್ಪು ನನ್ನದು, ಹುಡುಗಿಯದಲ್ಲ ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ನ್ಯಾಯಾಧೀಶರು ಇನ್ನೊಮ್ಮೆ ಹೇಳಿಸಿದರು.

ಎದುರು ವಕೀಲರು ಹತ್ತಿರ ಬಂದರು. "ಎಷ್ಟು ಓದಿದೀರಮ್ಮ?"

"ಏಳು."

"ಏಳರಲ್ಲಿ ಗುಡಿಸು ಕಲಿಸಿರಲಿಲ್ವಾ? ಮನೆ ಗುಡಿಸೋದು ಮಾತ್ರ ಕಲಿಸಿದ್ರಾ?"

ಹಿಂದೆ ಯಾರೋ ನಕ್ಕರು. ನೋಟ್‌ಬುಕ್ಕನ್ನು ಎತ್ತಿ ಹಿಡಿದು, ಪೆನ್ಸಿಲಿನಲ್ಲಿ ನಿನ್ನೆ ಬೇಕಾದರೂ ಬರೆದಿರಬಹುದು ಎಂದರು. ಅದು ನಿಜವೇ. ಆಮೇಲೆ ಅವರು ನ್ಯಾಯಾಧೀಶರ ಕಡೆ ತಿರುಗಿ, "ಸಾಕ್ಷಿಗೆ ಬರೆಯೋದು ಚೆನ್ನಾಗೇ ಬರುತ್ತೆ ಸ್ವಾಮಿ, ಊರಿಗೆಲ್ಲ ಅರ್ಜಿ ಬರೆಯೋರು. ಅಪ್ಪಣೆ ಆದ್ರೆ ಇಲ್ಲೇ ಬರೆಸಿ ತೋರಿಸ್ತೀನಿ" ಎಂದರು. ನ್ಯಾಯಾಧೀಶರು ಒಪ್ಪಿದರು. ಕೋರ್ಟಿನ ಗುಮಾಸ್ತರು ಕಾಗದ ಕೊಟ್ಟರು.

ವಕೀಲರು ಬೇಕೆಂದೇ ಗುಡಿಸುಗಳನ್ನು ಹುಡುಕಿ ಒಂದು ವಾಕ್ಯ ಕಟ್ಟಿದರು. "ಬರೀರಿ. ಹುಡುಗಿಯ ತಂದೆ ಗುಡಿಯ ಗಡಿಯಲ್ಲಿ ಗಿಡ ಹಿಡಿದು ನಿಂತರು."

ಬೆವರಿಗೆ ಪೆನ್ನು ಜಾರುತ್ತಿತ್ತು. ಮೇಷ್ಟ್ರ ಬೆರಳು ಸ್ಲೇಟಿನ ಮೇಲೆ ಕಂಡಂತಾಯಿತು. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದೆ. ಈ ಹೊತ್ತಿಗಾದರೂ ಸರಿ ಬರಲಿ, ಮಾಲೇಕಲ್ಲು ತಿರುಪತಿಯ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುತ್ತೇನೆ ಎಂದು ಹರಸಿಕೊಂಡೆ. ಕಾಗದ ಕೊಟ್ಟೆ.

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನಮ್ಮ ಹಳೆಯ ಅರ್ಜಿಯನ್ನು ತರಿಸಿ ಪಕ್ಕದಲ್ಲಿಟ್ಟುಕೊಂಡರು.

"ಅಮ್ಮ, ನೀವು ಇಲ್ಲಿ ಏನು ಬರೆದಿದೀರಿ, ಇದ್ದ ಹಾಗೆ ಓದಿ."

ಓದಿದೆ. "ಹುಡುಗಿಯ ತಂದೆ ಗುಡಯ..." ನಿಂತುಬಿಟ್ಟೆ. ಗುಡಿಯ ತಲೆ ಬೋಳಾಗಿತ್ತು. ಮುಂದೆ "ಹಿಡದು". ಅದೂ ಬೋಳು.

ಈಗ ನಗು ಜೋರಾಗಿಯೇ ಬಂತು. ಹರಕೆಗೆ ದೇವರು ಕಿವಿಗೊಟ್ಟಿರಲಿಲ್ಲ. ನೆಲ ಬಿರಿಯಬಾರದೇ ಎನಿಸಿತು. ಹುಡುಗಿಯ ಕಡೆ ನೋಡಲು ಮುಖವಿರಲಿಲ್ಲ.

ನ್ಯಾಯಾಧೀಶರು ನಗಲಿಲ್ಲ. "ವಕೀಲರೇ, ನೀವೇ ಹಾಜರುಪಡಿಸಿದ ಅರ್ಜಿಯ ಐದನೇ ಸಾಲು ನೋಡಿ. 'ಕೈ ಹಿಡದು ತಿರುಚಿ' ಅಂತಿದೆ. ಅಲ್ಲಿ ಗುಡಿಸು ಇಲ್ಲ ಅನ್ನೋದಕ್ಕೆ ನೀವು ಕೆಂಪು ಗೆರೆ ಹಾಕಿಲ್ಲ."

ಅವರು ನೋಡಿದರು.

"ಈ ತಾಯಿಯ ಡಕಾರಕ್ಕೆ ಗುಡಿಸು ನಿಲ್ಲೋದಿಲ್ಲ. ಇದನ್ನ ದಾಖಲೆಗೆ ಸೇರಿಸಿ" ಎಂದು ನಾನು ಬರೆದ ಕಾಗದಕ್ಕೆ ಗುರುತು ಹಾಕಿಸಿದರು. ನನ್ನ ಕಡೆ ತಿರುಗಿ, "ಇಳೀರಿ ಅಮ್ಮ. ನೀರು ಕುಡೀರಿ" ಎಂದರು.

ಕಟಕಟೆಯಲ್ಲಿ ನಾನು ಸರಿಯಾಗಿ ಬರೆದಿದ್ದರೆ ಹುಡುಗಿ ಸೋಲುತ್ತಿದ್ದಳು ಎಂದು ಹೊರಗೆ ಬಂದ ಮೇಲೆ ವಕೀಲೆ ಬಿಡಿಸಿ ಹೇಳಿದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಹುಡುಗಿಯ ಅಮ್ಮ ಮಾತ್ರ, "ಕಲೀದೆ ಇದ್ದದ್ದೇ ಒಳ್ಳೇದಾಯ್ತು ಕಣಕ್ಕ" ಎಂದು ನನ್ನ ಕೈಗೆ ಬಾಳೆಹಣ್ಣು ಕೊಟ್ಟಳು. ತಿನ್ನಲಾಗಲಿಲ್ಲ. ಒಂದು ಹುಡುಗಿಯನ್ನು ಸಿಕ್ಕಿಸಿದ್ದೂ ಅದೇ ಕೈ, ಬಿಡಿಸಿದ್ದೂ ಅದೇ ಕೈ ಎಂದು ಹಿಗ್ಗುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ನಡುವೆ ಅವಳ ಒಂದು ವರ್ಷ ಹೋಗಿತ್ತು.

ಆಜ್ಞೆಗೆ ಇನ್ನೂ ಮೂರು ತಾರೀಕು ಹಿಡಿಯಿತು. ಅವನ ಅರ್ಜಿ ವಜಾ ಆಯಿತು. ಧಾರೆಯೂ ಇಲ್ಲ, ತಾಳಿಯೂ ಇಲ್ಲ, ಹಾರದ ಫೋಟೋ ಮದುವೆಯಲ್ಲ, ಅವಳು ಅವನ ಹೆಂಡತಿಯಲ್ಲ, ಹಾಗೆಂದು ಅವನು ಎಲ್ಲೂ ಹೇಳಕೂಡದು, ಫೋಟೋ ಯಾರಿಗೂ ಕಳಿಸಕೂಡದು. ತಪ್ಪಿದರೆ ಶಿಕ್ಷೆಗೆ ಗುರಿಯಾಗುತ್ತಾನೆ.

ಆಜ್ಞೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಲು ನಾನು, ಹುಡುಗಿ ಇಬ್ಬರೇ ಹೋದೆವು. ಬರೆದುಕೊಡಿ ಅಕ್ಕ ಎಂದು ಅವಳು ನಮೂನೆಯನ್ನು ನನ್ನ ಕಡೆ ಸರಿಸಿದಳು. ನೀನೇ ಬರಿ, ನಾನು ಓದುತ್ತೇನೆ ಎಂದೆ. ಅವಳು ಬರೆದಳು. ನಾನು ಬೆರಳಿಟ್ಟು ಓದಿದೆ, ಒಂದೊಂದು ಗುಡಿಸನ್ನೂ ಮುಟ್ಟಿ. ಎಲ್ಲ ಇದ್ದವು.

"ಬೇಗ ಅಜ್ಜಿ, ಹಿಂದೆ ಜನ ಐತೆ" ಎಂದ ಗುಮಾಸ್ತ.

ಮೂರನೆಯ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. "ತಂದೆ/ಗಂಡನ ಹೆಸರು. ಅನ್ವಯಿಸದ್ದನ್ನು ಹೊಡೆದುಹಾಕಿ." ಅವಳು ಅಪ್ಪನ ಹೆಸರು ಬರೆದು ಅದನ್ನು ಹಾಗೇ ಬಿಟ್ಟಿದ್ದಳು, ಅಭ್ಯಾಸಬಲದಿಂದ.

"ಇದೊಂದು ಐತೆ ನೋಡು" ಎಂದೆ.

ಅವಳು ಪೆನ್ನು ತೆಗೆದುಕೊಂಡು ಗಂಡನ ಎಂಬ ಪದದ ಮೇಲೆ ಗೆರೆ ಎಳೆದಳು. ಇನ್ನೊಂದು ಎಳೆದಳು. ಮತ್ತೆ ಇನ್ನೊಂದು. ಕಾಗದ ಹರಿಯುವಂತಾಯಿತು.

"ಒಂದು ಗೆರೆ ಸಾಕಮ್ಮ" ಎಂದ ಗುಮಾಸ್ತ.

ಅರಸೀಕೆರೆ ಬಸ್ಸು ಹೊರಡುವುದರಲ್ಲಿತ್ತು. ಆದರೂ ನಾನು ಅವಳಿಗೆ ಸಾಕು ಎನ್ನಲಿಲ್ಲ.